ದೀರ್ಘಾವಧಿ ದರ ಗುತ್ತಿಗೆ: ಸಹಿಗೆ ಮುನ್ನ ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಸಾರ್ವಜನಿಕ ಕಾಮಗಾರಿ ಎಂದೊಡನೆ ಮೇಲುಸೇತುವೆ, ಮೆಟ್ರೋ ಮಾರ್ಗ, ಹೆದ್ದಾರಿಗಳೇ ನೆನಪಿಗೆ ಬರುವುದು ಸಹಜ. ಆದರೆ ಮಲ್ಲತ್ತಹಳ್ಳಿ, ನಾಗರಬಾವಿ, ಉಲ್ಲಾಳ, ಕೆಂಗೇರಿ, ಕಾಮಾಕ್ಷಿಪಾಳ್ಯದ ಕಡೆ ಪೇವರ್ ಬ್ಲಾಕ್, ಕರ್ಬ್ ಕಲ್ಲು, ಚರಂಡಿ ಚಪ್ಪಡಿ, ಚೇಂಬರ್ ಮುಚ್ಚಳ, ಕಬ್ಬಿಣದ ಗ್ರಿಲ್‌ಗಳನ್ನು ತಯಾರಿಸುವವರ, ಸಿಮೆಂಟು, ಬಣ್ಣ, ಪೈಪುಗಳನ್ನು ಮಾರುವವರ ವಹಿವಾಟು ನಿಂತಿರುವುದು ಅಂತಹ ಬೃಹತ್ ಯೋಜನೆಗಳ ಮೇಲಲ್ಲ. ಅಡ್ಡರಸ್ತೆಯ ಗುಂಡಿ ಮುಚ್ಚುವುದು, ಕುಸಿದ ಪಾದಚಾರಿ ಮಾರ್ಗವನ್ನು ಸರಿಪಡಿಸುವುದು, ಮಳೆಗಾಲಕ್ಕೆ ಮುನ್ನ ಚರಂಡಿಯ ಹೂಳೆತ್ತುವುದು, ಶಾಲಾ ಕಟ್ಟಡದ ಛಾವಣಿಯ ಸೋರಿಕೆ ತಡೆಯುವುದು, ಉದ್ಯಾನದ ಬೇಲಿಗೆ ಬಣ್ಣ ಬಳಿಯುವುದು, ಇವೇ ಅವರಿಗೆ ವರ್ಷವಿಡೀ ಬೇಡಿಕೆ ತರುವ ಕಾಮಗಾರಿಗಳು. ಒಂದೊಂದರ ಮೊತ್ತ ಅಲ್ಪ, ಆದರೆ ಸಂಖ್ಯೆ ಅಪಾರ. ಈ ವರ್ಷ ಮಾಡಿದ್ದನ್ನು ಮುಂದಿನ ವರ್ಷವೂ ಮಾಡಲೇಬೇಕು.

ಇಂತಹ ನಿತ್ಯದ ಕಾಮಗಾರಿಗಳಿಗೆ ಪ್ರತಿಬಾರಿಯೂ ಪ್ರತ್ಯೇಕ ಟೆಂಡರು ಕರೆಯುವ ಬದಲು ಒಂದು, ಎರಡು ಅಥವಾ ಮೂರು ವರ್ಷಗಳ ಅವಧಿಗೆ ಒಮ್ಮೆಗೇ ದರ ನಿಗದಿಪಡಿಸಿಕೊಂಡು, ಅಗತ್ಯ ಬಿದ್ದಂತೆ ಕಾರ್ಯಾದೇಶ ನೀಡುವ ಪದ್ಧತಿಯೊಂದಿದೆ. ಕಾಮಗಾರಿಯ ಒಟ್ಟು ಪ್ರಮಾಣವಾಗಲಿ, ಸ್ಥಳವಾಗಲಿ, ದಿನಾಂಕವಾಗಲಿ ಕರಾರಿನ ದಿನ ಗೊತ್ತಿರುವುದಿಲ್ಲ. ಗೊತ್ತಿರುವುದು ದರ ಮತ್ತು ಅವಧಿ ಮಾತ್ರ. ಇದನ್ನೇ ಈ ಲೇಖನದಲ್ಲಿ ದೀರ್ಘಾವಧಿ ದರ ಗುತ್ತಿಗೆ ಎಂದು ಕರೆಯಲಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವ ಹಿನ್ನೆಲೆಯಲ್ಲಿ, ನಿರ್ವಹಣಾ ಕಾಮಗಾರಿಗಳನ್ನು ಯಾವ ರೀತಿ ವಹಿಸಬೇಕೆಂಬ ಪ್ರಶ್ನೆ ಹೊಸದಾಗಿ ಏಳುವ ಕಾಲವಿದು. ಪದ್ಧತಿ ಒಳ್ಳೆಯದೇ. ಆದರೆ ಅದರ ಲಾಭ ಸಣ್ಣ ಉದ್ದಿಮೆದಾರನಿಗೆ ದಕ್ಕುವುದೋ, ನಷ್ಟ ಮಾತ್ರ ಅವನ ಪಾಲಿಗೆ ಉಳಿಯುವುದೋ ಎಂಬುದು ಕರಾರಿನ ಮೂರು ನಾಲ್ಕು ಷರತ್ತುಗಳನ್ನು ಅವಲಂಬಿಸಿದೆ.

ಈಗಿರುವ ಕ್ರಮದ ತೊಡಕು

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999 ಹಾಗೂ ಅದರಡಿಯ 2000ದ ನಿಯಮಗಳು ನಮ್ಮ ರಾಜ್ಯದ ಸರ್ಕಾರಿ ಖರೀದಿಗೆ ಶಿಸ್ತು ತಂದವು. ಈ ಕ್ಷೇತ್ರದಲ್ಲಿ ಪ್ರತ್ಯೇಕ ಕಾನೂನು ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದೆಂಬುದು ಹೆಮ್ಮೆಯ ಸಂಗತಿ. ನಿಯಮಗಳ ಮೂಲರೂಪದಲ್ಲಿ 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕೂ ಮೇಲ್ಪಟ್ಟ ಮೊತ್ತಕ್ಕೆ 60 ದಿನ ಕಾಲಾವಕಾಶ ನೀಡಬೇಕೆಂದು ವಿಧಿಸಲಾಗಿತ್ತು. ಕಾರಣಗಳನ್ನು ಬರೆದಿಟ್ಟು ಅವಧಿಯನ್ನು ಕಡಿತಗೊಳಿಸಲು ಮೇಲಧಿಕಾರಿಗೆ ಅವಕಾಶವೂ ಇತ್ತು. ಸ್ಪರ್ಧೆ ನ್ಯಾಯಯುತವಾಗಿರಲು ಈ ಕಾಲಾವಕಾಶ ಅವಶ್ಯಕ. ಆದರೆ ಅಂದಾಜು ಪಟ್ಟಿ ತಯಾರಿ, ಆಡಳಿತಾತ್ಮಕ ಹಾಗೂ ತಾಂತ್ರಿಕ ಮಂಜೂರಾತಿ, ಟೆಂಡರು, ಪರಿಶೀಲನೆ, ಕರಾರು, ಇವೆಲ್ಲವನ್ನೂ ದಾಟಿ ಕಾರ್ಯಾದೇಶ ಕೈಗೆ ಬರುವಷ್ಟರಲ್ಲಿ ಏಪ್ರಿಲ್‌ನಲ್ಲಿ ಕಂಡ ಗುಂಡಿ ಆಗಸ್ಟ್‌ನ ಮಳೆಯಲ್ಲಿ ಹಳ್ಳವಾಗಿರುತ್ತದೆ. ಆಗ ಹಳೆಯ ಅಂದಾಜು ಪಟ್ಟಿ ಯಾವ ಉಪಯೋಗಕ್ಕೂ ಬಾರದು.

ಈ ವಿಳಂಬದಿಂದ ತಪ್ಪಿಸಿಕೊಳ್ಳಲು ಇಲಾಖೆಗಳು ಎರಡು ಅಡ್ಡದಾರಿ ಹಿಡಿದಿರುವುದು ಎಲ್ಲರಿಗೂ ತಿಳಿದ ವಿಷಯ. ಮೊದಲನೆಯದು ತುಂಡು ಗುತ್ತಿಗೆ: ಟೆಂಡರಿನ ಮಿತಿಯೊಳಗೆ ಬರುವಂತೆ ಕಾಮಗಾರಿಯನ್ನು ಚೂರು ಚೂರು ಮಾಡುವುದು. ಎರಡನೆಯದು ಅಧಿನಿಯಮದ 4(ಜಿ) ಪ್ರಕರಣದಡಿ ವಿನಾಯಿತಿ ಪಡೆದು ಸರ್ಕಾರಿ ಸ್ವಾಮ್ಯದ ಸಂಸ್ಥೆಗೆ ನೇರವಾಗಿ ಕೆಲಸ ವಹಿಸುವುದು. ಮೊದಲನೆಯದರಲ್ಲಿ ಲೆಕ್ಕಪರಿಶೋಧನೆಯ ಆಕ್ಷೇಪಣೆ ತಪ್ಪದು. ಎರಡನೆಯದರಲ್ಲಿ ನಮ್ಮ ಸದಸ್ಯರು ಉಪಗುತ್ತಿಗೆದಾರನ ಉಪಗುತ್ತಿಗೆದಾರರಾಗಿ, ಯಾರ ಮೇಲೂ ನೇರ ಹಕ್ಕಿಲ್ಲದೆ ಸರಕು ಪೂರೈಸಬೇಕಾಗುತ್ತದೆ. ದೀರ್ಘಾವಧಿ ದರ ಗುತ್ತಿಗೆಯು ಈ ಎರಡಕ್ಕೂ ಕಾನೂನುಬದ್ಧ ಪರ್ಯಾಯ. ಅಲ್ಲಿಯೂ ಬಹಿರಂಗ ಸ್ಪರ್ಧೆ ಇದೆ, ಆದರೆ ಅದು ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ.

ಇದು ಹೊಸತಲ್ಲ

ಈ ಪದ್ಧತಿಯನ್ನು ವಿದೇಶದಿಂದ ಆಮದು ಮಾಡಿಕೊಳ್ಳಬೇಕೆಂದು ಭಾವಿಸುವ ಅಗತ್ಯವಿಲ್ಲ. ಕೆಂಗೇರಿ, ಜ್ಞಾನಭಾರತಿ, ನಾಯಂಡಹಳ್ಳಿ ನಿಲ್ದಾಣಗಳ ಮೂಲಕ ಮೈಸೂರಿಗೆ ಹೋಗುವ ರೈಲು ಮಾರ್ಗವನ್ನೇ ನೋಡಿ. ಭಾರತೀಯ ರೈಲ್ವೆಯಲ್ಲಿ ‘ಝೋನ್ ಗುತ್ತಿಗೆ’ ಎಂಬ ವ್ಯವಸ್ಥೆ ಬಹುಕಾಲದಿಂದ ರೂಢಿಯಲ್ಲಿದೆ. ವಿಭಾಗವನ್ನು ಹಲವು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದ ದುರಸ್ತಿ, ನಿರ್ವಹಣೆ ಹಾಗೂ ಸಣ್ಣ ಕಾಮಗಾರಿಗಳನ್ನು ಜುಲೈ 1ರಿಂದ ಮುಂದಿನ ಜೂನ್ 30ರವರೆಗೆ ಒಬ್ಬ ಗುತ್ತಿಗೆದಾರನಿಗೆ ವಹಿಸಲಾಗುತ್ತದೆ. ಗುತ್ತಿಗೆದಾರನು ರೈಲ್ವೆಯ ದರಪಟ್ಟಿಗಿಂತ ಶೇಕಡಾ ಇಷ್ಟು ಹೆಚ್ಚು ಅಥವಾ ಇಷ್ಟು ಕಡಿಮೆ ಎಂದು ಒಂದೇ ಒಂದು ಅಂಕಿಯನ್ನು ನಮೂದಿಸುತ್ತಾನೆ. ನಂತರ ವರ್ಷವಿಡೀ ಪ್ಲಾಟ್‌ಫಾರಂ ದುರಸ್ತಿ ಇರಲಿ, ಸಿಬ್ಬಂದಿ ವಸತಿಗೃಹದ ಸುಣ್ಣಬಣ್ಣ ಇರಲಿ, ಕಾರ್ಯಾದೇಶ ಬಂದಂತೆ ಅದೇ ಶೇಕಡಾವಾರಿನಲ್ಲಿ ಕೆಲಸ ಮಾಡಿ ಅಳತೆಯ ಪ್ರಕಾರ ಬಿಲ್ಲು ಪಡೆಯುತ್ತಾನೆ. ಸೇನೆಯ ಕಟ್ಟಡಗಳನ್ನು ನೋಡಿಕೊಳ್ಳುವ ಮಿಲಿಟರಿ ಇಂಜಿನಿಯರ್ ಸೇವೆಯಲ್ಲೂ ತನ್ನದೇ ದರಪಟ್ಟಿಯ ಆಧಾರದ ಮೇಲೆ ‘ಟರ್ಮ್ ಗುತ್ತಿಗೆ’ ನೀಡುವ ಸಂಪ್ರದಾಯವಿದೆ. ಬ್ರಿಟನ್ನಿನಲ್ಲಿ ಅಳತೆ ಆಧಾರಿತ ಅವಧಿ ಗುತ್ತಿಗೆಯೆಂದು ಪ್ರಸಿದ್ಧವಾಗಿರುವುದರ ಸೋದರರೂಪಗಳಿವು.

ಅಮೆರಿಕದಲ್ಲಿ ಇದಕ್ಕೆ ‘ಜಾಬ್ ಆರ್ಡರ್ ಗುತ್ತಿಗೆ’ ಎಂಬ ಹೆಸರು ಬಂದದ್ದು 1980ರ ದಶಕದಲ್ಲಿ. ಬೆಲ್ಜಿಯಂನಲ್ಲಿದ್ದ ನ್ಯಾಟೋ ಸೇನಾ ಕೇಂದ್ರದ ಕಟ್ಟಡಗಳ ಸಣ್ಣಪುಟ್ಟ ದುರಸ್ತಿಗಳಿಗೆ ಪ್ರತಿಬಾರಿಯೂ ಟೆಂಡರು ಕರೆದು ಬೇಸತ್ತ ಅಮೆರಿಕದ ಸೇನಾ ಇಂಜಿನಿಯರ್ ಹ್ಯಾರಿ ಮೆಲನ್ ಇದನ್ನು ರೂಪಿಸಿದರು. ಅಲ್ಲಿಂದ ಅದು ಸೇನೆಯ ಇತರ ನೆಲೆಗಳಿಗೂ, ನಗರಸಭೆಗಳಿಗೂ, ಶಾಲಾ ಮಂಡಳಿಗಳಿಗೂ ಹರಡಿತು. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವಾಣಿಜ್ಯ ಕಾನೂನು ಆಯೋಗವು 2011ರ ಮಾದರಿ ಸಂಗ್ರಹಣಾ ಕಾನೂನಿನಲ್ಲಿ ಇಂತಹ ಚೌಕಟ್ಟು ಒಪ್ಪಂದಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಇಟ್ಟಿದೆ.

ಸರಕುಗಳ ವಿಷಯದಲ್ಲಿ ನಮ್ಮ ಹಿರಿಯ ಸದಸ್ಯರಿಗೆ ಇದರ ಅನುಭವ ಚೆನ್ನಾಗಿಯೇ ಇದೆ. ಕೇಂದ್ರ ಸರ್ಕಾರದ ಪೂರೈಕೆ ಮತ್ತು ವಿಲೇವಾರಿ ಮಹಾನಿರ್ದೇಶನಾಲಯ, ಅಂದರೆ ಡಿಜಿಎಸ್ ಅಂಡ್ ಡಿ, ದಶಕಗಳ ಕಾಲ ದರ ಗುತ್ತಿಗೆಗಳನ್ನು ನೀಡುತ್ತಿತ್ತು. ಆ ಪಟ್ಟಿಯಲ್ಲಿ ಹೆಸರಿರುವುದೇ ಸಣ್ಣ ಕಾರ್ಖಾನೆಗೆ ಒಂದು ಪ್ರತಿಷ್ಠೆಯಾಗಿತ್ತು. 2017ರ ಅಕ್ಟೋಬರ್ 31ರಂದು ಸದರಿ ನಿರ್ದೇಶನಾಲಯವನ್ನು ಮುಚ್ಚಲಾಯಿತು. ಅದರ ಸ್ಥಾನವನ್ನು ಜೆಮ್ ಜಾಲತಾಣ ಪಡೆದುಕೊಂಡಿತು.

ಕಾನೂನಿನ ದೃಷ್ಟಿಯಲ್ಲಿ ನಿಮ್ಮ ಸಹಿಯ ಬೆಲೆ

ಇಲ್ಲಿಂದ ಮುಂದಿನದನ್ನು ಓದುಗರು ನಿಧಾನವಾಗಿ ಓದಬೇಕೆಂದು ಕೋರುತ್ತೇವೆ, ಏಕೆಂದರೆ ತಪ್ಪು ತಿಳಿವಳಿಕೆ ಹೆಚ್ಚಾಗಿರುವುದು ಇಲ್ಲಿಯೇ. ‘ಒಂದು ಕೋಟಿ ರೂಪಾಯಿಯ ದರ ಗುತ್ತಿಗೆ ಸಿಕ್ಕಿದೆ’ ಎಂದು ಉದ್ದಿಮೆದಾರರು ಹೇಳುವುದುಂಟು. ವಾಸ್ತವವಾಗಿ ಅವರಿಗೆ ಸಿಕ್ಕಿರುವುದು ಒಂದು ಕೋಟಿಯಲ್ಲ, ಒಂದು ರೂಪಾಯಿಯೂ ಅಲ್ಲ. ಪ್ರಮಾಣವನ್ನು ಖಾತ್ರಿಪಡಿಸದ ದರ ಗುತ್ತಿಗೆಯು ಭಾರತೀಯ ಕರಾರು ಕಾನೂನಿನ ಪ್ರಕಾರ ಕೇವಲ ಸ್ಥಾಯೀ ಪ್ರಸ್ತಾವ, ಅಂದರೆ ‘ನೀವು ಕೇಳಿದಾಗ ಈ ದರಕ್ಕೆ ಮಾಡಿಕೊಡುತ್ತೇನೆ’ ಎಂದು ನೀವು ತೆರೆದಿಟ್ಟಿರುವ ಕೊಡುಗೆ. ಇಲಾಖೆ ಒಂದೊಂದು ಕಾರ್ಯಾದೇಶ ನೀಡಿದಾಗ ಒಂದೊಂದು ಕರಾರು ಹುಟ್ಟುತ್ತದೆ.

ಈ ತತ್ತ್ವ ಶತಮಾನಕ್ಕೂ ಹಳೆಯದು. ಬೆಂಗಾಲ್ ಕೋಲ್ ಕಂಪನಿ ಮತ್ತು ಹೋಮಿ ವಾಡಿಯಾ ಕಂಪನಿಯ ನಡುವಿನ 1899ರ ವ್ಯಾಜ್ಯದಲ್ಲಿ, ಹನ್ನೆರಡು ತಿಂಗಳ ಕಾಲ ಬೇಡಿಕೆ ಬಂದಂತೆ ನಿಗದಿತ ದರಕ್ಕೆ ಕಲ್ಲಿದ್ದಲು ಪೂರೈಸಲು ಮಾರಾಟಗಾರರು ಒಪ್ಪಿದ್ದರು. ಆದರೆ ಇಂತಿಷ್ಟು ಕೊಳ್ಳುತ್ತೇವೆಂದು ಎದುರು ಪಕ್ಷದವರು ಎಲ್ಲಿಯೂ ಒಪ್ಪಿರಲಿಲ್ಲ. ಆಗಲೇ ನೀಡಿದ ಆದೇಶಗಳ ಮಟ್ಟಿಗೆ ಮಾತ್ರ ಮಾರಾಟಗಾರರು ಬದ್ಧರು, ಮುಂದಿನವುಗಳ ಬಗ್ಗೆ ಪ್ರಸ್ತಾವವನ್ನು ಹಿಂತೆಗೆದುಕೊಳ್ಳಬಹುದು ಎಂದು ಮುಂಬಯಿ ಉಚ್ಚ ನ್ಯಾಯಾಲಯ ತೀರ್ಮಾನಿಸಿತು. ಸೇನಾ ಕ್ಯಾಂಟೀನುಗಳಿಗೆ ಬೀಡಿ ಪೂರೈಸುವ ಒಪ್ಪಂದವನ್ನು ಒಳಗೊಂಡ ಚತುರ್ಭುಜ ವಿಠ್ಠಲದಾಸ್ ಪ್ರಕರಣದಲ್ಲಿ 1954ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದೇ ದಾರಿಯಲ್ಲಿ ಸಾಗಿ, ಆದೇಶ ನೀಡಿ ಅದನ್ನು ಒಪ್ಪಿದ ಪ್ರತಿಬಾರಿಯೂ ಪ್ರತ್ಯೇಕ ಕರಾರು ಉಂಟಾಗುತ್ತದೆಂದು ಹೇಳಿತು.

ಹಾಗಾದರೆ ನಷ್ಟವಾದಾಗ ಹಿಂದೆ ಸರಿಯಬಹುದಲ್ಲವೇ ಎಂದು ಕೇಳಬಹುದು. ಪುಸ್ತಕದಲ್ಲಿ ಹೌದು. ವ್ಯವಹಾರದಲ್ಲಿ ಹಾಗಿಲ್ಲ. ನಿಮ್ಮ ಭದ್ರತಾ ಠೇವಣಿ ಅಥವಾ ಬ್ಯಾಂಕ್ ಖಾತರಿ ಇಲಾಖೆಯ ಕೈಯಲ್ಲಿರುತ್ತದೆ. ಅವಧಿ ಮುಗಿಯುವ ಮುನ್ನ ಹಿಂದೆ ಸರಿದರೆ ಠೇವಣಿ ಮುಟ್ಟುಗೋಲಾಗುತ್ತದೆಂದು, ಕಪ್ಪುಪಟ್ಟಿಗೆ ಸೇರಿಸಲಾಗುತ್ತದೆಂದು ಟೆಂಡರು ದಾಖಲೆಯಲ್ಲೇ ಬರೆದಿರುತ್ತದೆ. ಹೀಗೆ ಇಲಾಖೆಗೆ ಆದೇಶ ನೀಡುವ ಬಾಧ್ಯತೆ ಇಲ್ಲ, ನಿಮಗೆ ಮಾತ್ರ ಪೂರೈಸುವ ಬಾಧ್ಯತೆ ಇದೆ ಎಂಬ ಓರೆ ತಕ್ಕಡಿ ಸಿದ್ಧವಾಗುತ್ತದೆ.

ಈ ಓರೆಯನ್ನು ಅಮೆರಿಕದ ಕೇಂದ್ರ ಸರ್ಕಾರದ ಖರೀದಿ ನಿಯಮಗಳು ಸರಳವಾಗಿ ನೇರಗೊಳಿಸಿವೆ. ಅನಿರ್ದಿಷ್ಟ ಪ್ರಮಾಣದ ಗುತ್ತಿಗೆಯಲ್ಲಿ ಸರ್ಕಾರ ಒಂದು ಕನಿಷ್ಠ ಪ್ರಮಾಣವನ್ನು ನಮೂದಿಸಲೇಬೇಕು. ಅಷ್ಟನ್ನು ಕೊಳ್ಳಲು ಅದು ಬದ್ಧ. ಆ ಕನಿಷ್ಠವು ಹೆಸರಿಗೆ ಮಾತ್ರ ಇಟ್ಟ ಪುಡಿಗಾಸಾಗಿರಬಾರದು. ಅದರೊಂದಿಗೆ ಗರಿಷ್ಠ ಮಿತಿಯೂ ನಮೂದಾಗಿರುತ್ತದೆ. ಕನಿಷ್ಠ ಖಾತ್ರಿ ಇದ್ದಾಗ ಮಾತ್ರ ಅದು ಎರಡೂ ಕಡೆಯನ್ನು ಕಟ್ಟುವ ಕರಾರಾಗುತ್ತದೆ. ನಮ್ಮ ಟೆಂಡರು ದಾಖಲೆಗಳಲ್ಲಿ ಸಾಮಾನ್ಯವಾಗಿ ‘ಅಂದಾಜು ಮೊತ್ತ’ ಎಂಬುದೊಂದೇ ಇರುತ್ತದೆ. ಅದರ ಪಕ್ಕದಲ್ಲೇ ಸಣ್ಣ ಅಕ್ಷರಗಳಲ್ಲಿ, ಈ ಮೊತ್ತ ಹೆಚ್ಚಾಗಬಹುದು, ಕಡಿಮೆಯಾಗಬಹುದು, ಅದಕ್ಕಾಗಿ ಯಾವುದೇ ಪರಿಹಾರ ಕೇಳುವಂತಿಲ್ಲ ಎಂಬ ವಾಕ್ಯವಿರುತ್ತದೆ. ಈ ವಾಕ್ಯ ಕಣ್ಣಿಗೆ ಬಿದ್ದ ಕೂಡಲೇ ಕ್ಯಾಲ್ಕುಲೇಟರ್ ಕೈಗೆತ್ತಿಕೊಳ್ಳಬೇಕು.

ಒಂದು ಲೆಕ್ಕ

ಮಲ್ಲತ್ತಹಳ್ಳಿಯಲ್ಲಿ ಪೇವರ್ ಬ್ಲಾಕ್ ತಯಾರಿಸಿ ತಾನೇ ಹಾಸಿಕೊಡುವ ಒಂದು ಸಣ್ಣ ಘಟಕವನ್ನು ಊಹಿಸಿಕೊಳ್ಳೋಣ. ಸುತ್ತಲಿನ ವಾರ್ಡುಗಳ ಪಾದಚಾರಿ ಮಾರ್ಗ ದುರಸ್ತಿಗೆ ಒಂದು ವರ್ಷದ ದರ ಗುತ್ತಿಗೆ. ದರಪಟ್ಟಿಯ ಲೆಕ್ಕದಲ್ಲಿ ಅಂದಾಜು ಮೊತ್ತ 1 ಕೋಟಿ ರೂಪಾಯಿ. ಘಟಕದ ಮಾಲೀಕರು ದರಪಟ್ಟಿಗಿಂತ ಶೇ. 8 ಕಡಿಮೆಗೆ ಟೆಂಡರು ಹಾಕಿದ್ದಾರೆ. ದರಪಟ್ಟಿಯ ಪ್ರತಿ 100 ರೂಪಾಯಿ ಕೆಲಸಕ್ಕೆ ಸಾಮಗ್ರಿ, ಕೂಲಿ, ಸಾಗಣೆ ಸೇರಿ 80 ರೂಪಾಯಿ ನೇರ ವೆಚ್ಚ. ಅದರಲ್ಲಿ ಸಾಮಗ್ರಿಯ ಪಾಲು 50. ಇದಲ್ಲದೆ ಮೇಲ್ವಿಚಾರಕನ ಸಂಬಳ, ದಾಸ್ತಾನು ಜಾಗದ ಬಾಡಿಗೆ, ವಾಹನದ ಕಂತು, ಬ್ಯಾಂಕ್ ಖಾತರಿಯ ಶುಲ್ಕ ಇತ್ಯಾದಿ ವರ್ಷಕ್ಕೆ 6 ಲಕ್ಷ ರೂಪಾಯಿ ಸ್ಥಿರ ವೆಚ್ಚ. ಆದೇಶ ಬಂದರೂ ಬಾರದಿದ್ದರೂ ಈ 6 ಲಕ್ಷ ಖರ್ಚಾಗಿಯೇ ತೀರುತ್ತದೆ.

ಪೂರ್ತಿ 1 ಕೋಟಿಯ ಆದೇಶ ಬಂದರೆ ಬರುವ ಹಣ 92 ಲಕ್ಷ, ನೇರ ವೆಚ್ಚ 80 ಲಕ್ಷ, ಉಳಿಯುವುದು 12 ಲಕ್ಷ. ಸ್ಥಿರ ವೆಚ್ಚ ಕಳೆದು 6 ಲಕ್ಷ ಲಾಭ. ಸಂತೋಷದ ವಿಷಯವೇ. ಆದರೆ 40 ಲಕ್ಷದ ಆದೇಶಗಳು ಮಾತ್ರ ಬಂದರೆ ಬರುವ ಹಣ 36 ಲಕ್ಷದ 80 ಸಾವಿರ, ನೇರ ವೆಚ್ಚ 32 ಲಕ್ಷ, ಉಳಿಕೆ 4 ಲಕ್ಷದ 80 ಸಾವಿರ. ಸ್ಥಿರ ವೆಚ್ಚ ಕಳೆದರೆ 1 ಲಕ್ಷದ 20 ಸಾವಿರ ನಷ್ಟ. ಈ ಘಟಕಕ್ಕೆ ಲಾಭವೂ ಇಲ್ಲ ನಷ್ಟವೂ ಇಲ್ಲ ಎಂಬ ಮಟ್ಟ ತಲುಪಲು 50 ಲಕ್ಷದ ಕೆಲಸ ಬೇಕು. ಅಂದರೆ ಅಂದಾಜು ಮೊತ್ತದ ಅರ್ಧದಷ್ಟಾದರೂ ಕನಿಷ್ಠ ಖಾತ್ರಿ ಇಲ್ಲದಿದ್ದಲ್ಲಿ ಶೇ. 8ರ ಕಡಿತ ಧೈರ್ಯದ ಮಾತಲ್ಲ, ಜೂಜು.

ಇನ್ನು ಸಾಮಗ್ರಿಯ ಬೆಲೆ ಶೇ. 10 ಏರಿತೆನ್ನಿ. ಪ್ರತಿ 100 ರೂಪಾಯಿ ಕೆಲಸದಲ್ಲಿ ಉಳಿಯುತ್ತಿದ್ದ 12 ರೂಪಾಯಿ 7ಕ್ಕೆ ಇಳಿಯುತ್ತದೆ. ಸಮತೋಲನ ಮಟ್ಟವು 50 ಲಕ್ಷದಿಂದ ಸುಮಾರು 85 ಲಕ್ಷದ 70 ಸಾವಿರಕ್ಕೆ ಜಿಗಿಯುತ್ತದೆ. ಪೂರ್ತಿ 1 ಕೋಟಿ ಕೆಲಸ ಮಾಡಿದರೂ ಲಾಭ ಕೇವಲ 1 ಲಕ್ಷ.

ಇದರ ಮೇಲೆ ಬಿಲ್ಲು ವಿಳಂಬ. 92 ಲಕ್ಷದ ಬಿಲ್ಲುಗಳು ಸರಾಸರಿ ನಾಲ್ಕು ತಿಂಗಳು ತಡವಾಗಿ, ಆ ಅವಧಿಗೆ ಶೇ. 12ರ ಬಡ್ಡಿಯ ಓವರ್‌ಡ್ರಾಫ್ಟ್ ಬಳಸಿದರೆ ಬಡ್ಡಿಯೇ 3 ಲಕ್ಷದ 68 ಸಾವಿರ. ಬೆಲೆ ಏರಿಕೆಯೂ ವಿಳಂಬವೂ ಒಟ್ಟಿಗೆ ಬಂದರೆ, ಒಂದು ಕೋಟಿಯ ಕೆಲಸವನ್ನು ಚಾಚೂ ತಪ್ಪದೆ ಮಾಡಿ ಮುಗಿಸಿದ ಘಟಕವು 2 ಲಕ್ಷದ 68 ಸಾವಿರ ರೂಪಾಯಿ ಕೈಯಿಂದ ಕಳೆದುಕೊಳ್ಳುತ್ತದೆ. ನಾಲ್ಕು ತಿಂಗಳ ವಿಳಂಬವನ್ನು ನಮ್ಮ ನಗರದ ಗುತ್ತಿಗೆದಾರರು ವಿಳಂಬವೆಂದೇ ಕರೆಯುವುದಿಲ್ಲ ಎಂಬುದು ಬೇರೆ ಮಾತು.

ಮತ್ತೊಂದು ಸೂಕ್ಷ್ಮ ಅಂಶ ಆದೇಶದ ಗಾತ್ರ. ಒಂದು ಸ್ಥಳಕ್ಕೆ ಟಿಪ್ಪರ್, ಕಂಪನ ಯಂತ್ರ, ಕೆಲಸಗಾರರನ್ನು ಒಯ್ದು ಹಿಂದಕ್ಕೆ ತರುವ ವೆಚ್ಚ 8 ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. 4 ಲಕ್ಷದ ಆದೇಶದಲ್ಲಿ ಇದು ಶೇ. 2; ಗಮನಕ್ಕೂ ಬಾರದು. 40 ಸಾವಿರದ ಆದೇಶದಲ್ಲಿ ಇದು ಶೇ. 20. ಮೇಲಿನ ಲೆಕ್ಕದಂತೆ ನೂರಕ್ಕೆ 12 ಉಳಿಯುವ ಘಟಕಕ್ಕೆ ಸುಮಾರು 67 ಸಾವಿರಕ್ಕಿಂತ ಕಡಿಮೆಯ ಪ್ರತಿ ಆದೇಶವೂ ನಷ್ಟದ ಬಾಬತ್ತು. ಗುಂಡಿ ಮುಚ್ಚುವಂತಹ ಕೆಲಸಗಳಲ್ಲಿ ಆದೇಶಗಳು ಸಣ್ಣದಾಗಿರುವುದೇ ಸ್ವಭಾವ. ಆದುದರಿಂದ ಒಂದು ಆದೇಶದ ಕನಿಷ್ಠ ಮೊತ್ತವನ್ನು ನಮೂದಿಸುವಂತೆ, ಇಲ್ಲವೇ ಒಂದೇ ವಾರ್ಡಿನ ಹಲವು ಗುಂಡಿಗಳನ್ನು ಒಂದು ಆದೇಶದಲ್ಲಿ ಸೇರಿಸುವಂತೆ, ಇಲ್ಲವೇ ತಲುಪುವ ವೆಚ್ಚವನ್ನು ದರಪಟ್ಟಿಯಲ್ಲಿ ಪ್ರತ್ಯೇಕ ಬಾಬತ್ತಾಗಿ ಇಡುವಂತೆ ಕೇಳುವುದು ನ್ಯಾಯವೇ ಆಗಿದೆ.

ದರ, ತೆರಿಗೆ, ಪಾವತಿ

ಕಾಮಗಾರಿ ಆರು ತಿಂಗಳಲ್ಲಿ ಮುಗಿಯುವುದಾದರೆ ಬೆಲೆ ಏರಿಳಿತವನ್ನು ಗುತ್ತಿಗೆದಾರ ಸಹಿಸಿಕೊಳ್ಳಬೇಕೆಂಬ ವಾದಕ್ಕೆ ಅರ್ಥವಿದೆ. ಮೂರು ವರ್ಷದ ಗುತ್ತಿಗೆಗೆ ಅದೇ ವಾದ ಹೊಂದದು. ಡಾಂಬರಿನ ದರವನ್ನು ತೈಲ ಕಂಪನಿಗಳು ಹದಿನೈದು ದಿನಕ್ಕೊಮ್ಮೆ ಪರಿಷ್ಕರಿಸುತ್ತವೆ. ಲೋಕೋಪಯೋಗಿ ಇಲಾಖೆಯ ಏಕರೂಪ ದರಪಟ್ಟಿ ಮಾತ್ರ 2018ರದು ಬಂದ ಮೇಲೆ ಮುಂದಿನದು 2023-24ರಲ್ಲಿ ಬಂದಿತು. ಈ ಎರಡರ ನಡುವೆ ಕೋವಿಡ್, ಉಕ್ಕಿನ ಬೆಲೆ ಏರಿಕೆ, ಯುಕ್ರೇನ್ ಯುದ್ಧ ಎಲ್ಲವೂ ಆಗಿಹೋದವು. ಆದುದರಿಂದ ಸಹಿಗೆ ಮುನ್ನ ನೋಡಬೇಕಾದುದು ಇಷ್ಟು: ಆದೇಶ ನೀಡುವ ದಿನ ಜಾರಿಯಲ್ಲಿರುವ ದರಪಟ್ಟಿ ಅನ್ವಯವಾಗುವುದೇ, ಅಥವಾ ಟೆಂಡರಿನ ದಿನದ ದರಪಟ್ಟಿಯೇ ಕೊನೆಯವರೆಗೂ ಇರುವುದೇ? ಮೊದಲನೆಯದಾದರೆ ನೀವು ಬರೆದ ಶೇಕಡಾವಾರು ಹೊಸ ದರಪಟ್ಟಿಯ ಮೇಲೆ ಕೂರುತ್ತದೆ, ಅರ್ಧ ಚಿಂತೆ ಕಳೆಯುತ್ತದೆ. ಎರಡನೆಯದಾದರೆ ಸಗಟು ಬೆಲೆ ಸೂಚ್ಯಂಕಕ್ಕೆ ಜೋಡಿಸಿದ ಬೆಲೆ ಹೊಂದಾಣಿಕೆಯ ಷರತ್ತು ಇರಲೇಬೇಕು. ಎರಡೂ ಇಲ್ಲದ ಬಹುವರ್ಷದ ಗುತ್ತಿಗೆಗೆ, ನಮ್ಮ ಅಭಿಪ್ರಾಯದಲ್ಲಿ, ಸಣ್ಣ ಉದ್ದಿಮೆದಾರರು ಟೆಂಡರು ಹಾಕದಿರುವುದೇ ಲೇಸು.

ತೆರಿಗೆಯ ಬದಲಾವಣೆಯನ್ನು ಅನೇಕರು ಮರೆಯುತ್ತಾರೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ, ಹಳೆಯ ವ್ಯಾಟ್ ಲೆಕ್ಕದಲ್ಲಿ ದರ ನಮೂದಿಸಿದ್ದ ಗುತ್ತಿಗೆದಾರರು ವ್ಯತ್ಯಾಸದ ಮೊತ್ತಕ್ಕಾಗಿ ವರ್ಷಗಟ್ಟಲೆ ಅಲೆದರು. ಸರ್ಕಾರಕ್ಕೆ ಮಾಡುವ ಹೆಚ್ಚಿನ ಕಾಮಗಾರಿಗಳ ಮೇಲೆ ಶೇ. 12 ಇದ್ದ ಜಿಎಸ್‌ಟಿ 2022ರ ಜುಲೈ 18ರಿಂದ ಶೇ. 18 ಆಯಿತು. ಮತ್ತೊಂದು ದಿಕ್ಕಿನಲ್ಲಿ, ಸಿಮೆಂಟಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ‘ಎಲ್ಲ ತೆರಿಗೆಗಳೂ ಸೇರಿ’ ಎಂದು ದರ ಬರೆದವರಿಗೆ ಇಂತಹ ಏರಿಕೆಯ ನಷ್ಟ ತಪ್ಪದು. ತೆರಿಗೆಯನ್ನು ಪ್ರತ್ಯೇಕವಾಗಿ, ಬಿಲ್ಲಿನ ದಿನದ ದರದಲ್ಲಿ ಪಾವತಿಸಬೇಕೆಂಬ ಷರತ್ತು ಇರುವಲ್ಲಿ ಈ ತಲೆನೋವಿಲ್ಲ.

ಪಾವತಿಯ ವಿಷಯದಲ್ಲಿ ಸದಸ್ಯರು ನಂಬಿಕೊಂಡಿರುವ ಒಂದು ರಕ್ಷಣೆಯ ಮಿತಿಯನ್ನೂ ಹೇಳಬೇಕಾಗಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ 15ನೇ ಪ್ರಕರಣದಂತೆ ಸೂಕ್ಷ್ಮ ಮತ್ತು ಸಣ್ಣ ಪೂರೈಕೆದಾರರಿಗೆ, ಲಿಖಿತ ಒಪ್ಪಂದವಿದ್ದರೂ, 45 ದಿನಗಳನ್ನು ಮೀರದಂತೆ ಹಣ ಪಾವತಿಯಾಗಬೇಕು. ತಪ್ಪಿದಲ್ಲಿ 16ನೇ ಪ್ರಕರಣದಂತೆ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ. ಕೇಳಲು ಬಲವಾದ ಅಸ್ತ್ರ. ಆದರೆ ಸರಕು ಮತ್ತು ದುಡಿಮೆ ಬೇರ್ಪಡಿಸಲಾಗದಂತೆ ಬೆರೆತ ಕಾಮಗಾರಿ ಗುತ್ತಿಗೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು ಮುಂಬಯಿ ಉಚ್ಚ ನ್ಯಾಯಾಲಯವು 2017ರ ಸ್ಟರ್ಲಿಂಗ್ ಅಂಡ್ ವಿಲ್ಸನ್ ಪ್ರಕರಣದಲ್ಲಿ ಹೇಳಿದೆ. ಬ್ಲಾಕ್ ತಯಾರಿಸಿ ಮಾರಿದರೆ ನೀವು ಪೂರೈಕೆದಾರರು. ಅದನ್ನೇ ರಸ್ತೆಯ ಬದಿ ಹಾಸಿಕೊಟ್ಟರೆ ಕಾಮಗಾರಿ ಗುತ್ತಿಗೆದಾರರು ಎಂಬ ವಾದ ಎದುರಾಗುತ್ತದೆ. ಹೀಗಾಗಿ ಮುಖ್ಯ ಗುತ್ತಿಗೆದಾರನಿಗೆ ಸರಕು ಮಾತ್ರ ಒದಗಿಸುವ ತಯಾರಕರು ತಮ್ಮ ಖರೀದಿ ಆದೇಶದಲ್ಲಿ ‘ಸರಕು ಪೂರೈಕೆ’ ಎಂದೇ ಬರೆಸಿಕೊಂಡು, ಹಾಸುವ ಕೆಲಸಕ್ಕೆ ಪ್ರತ್ಯೇಕ ಆದೇಶ ಪಡೆಯುವುದು ಸೂಕ್ತ.

ವರ್ತಕ ಸದಸ್ಯರ ಸ್ಥಿತಿ ಇನ್ನೂ ಬೇರೆ. 2021ರ ಜುಲೈನಲ್ಲಿ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಯ ಬಾಗಿಲು ತೆರೆಯಲಾಯಿತಾದರೂ, ಅದು ಆದ್ಯತಾ ವಲಯದ ಸಾಲದ ಉದ್ದೇಶಕ್ಕೆ ಮಾತ್ರ. ವಿಳಂಬ ಪಾವತಿಯ ಬಡ್ಡಿಯ ಹಕ್ಕು ಆ ನೋಂದಣಿಯಿಂದ ಬರುವುದಿಲ್ಲ. 2023ರ ಹಣಕಾಸು ಕಾಯ್ದೆಯು ಆದಾಯ ತೆರಿಗೆಯಲ್ಲಿ ಸೇರಿಸಿದ 43ಬಿ(ಎಚ್) ಪ್ರಕರಣ, ಅಂದರೆ ಸಣ್ಣ ಪೂರೈಕೆದಾರರಿಗೆ ಕಾಲಮಿತಿಯೊಳಗೆ ಹಣ ನೀಡದ ಖರೀದಿದಾರನಿಗೆ ಆ ವರ್ಷ ಆ ವೆಚ್ಚದ ಕಡಿತ ಸಿಗದೆಂಬ ನಿಯಮ, ಇದೇ ಕಾಯ್ದೆಯ 15ನೇ ಪ್ರಕರಣವನ್ನು ಅವಲಂಬಿಸಿದೆ. ಸಿಮೆಂಟು, ಪೈಪು, ಬಣ್ಣವನ್ನು ಗುತ್ತಿಗೆದಾರರಿಗೆ ಉದ್ದರಿ ನೀಡುವ ಅಂಗಡಿಯವರು ಈ ಕಾನೂನುಗಳ ಮೇಲೆ ಭರವಸೆ ಇಡದೆ ಉದ್ದರಿಯ ಮಿತಿಯನ್ನು ತಾವೇ ಹಾಕಿಕೊಳ್ಳಬೇಕು. ದೀರ್ಘಾವಧಿ ಗುತ್ತಿಗೆ ಪಡೆದ ಗಿರಾಕಿ ಭದ್ರವಾದ ಗಿರಾಕಿಯಂತೆ ಕಾಣುತ್ತಾನೆ. ಮೇಲಿನ ಲೆಕ್ಕವನ್ನು ಅವನ ಸ್ಥಾನದಲ್ಲಿ ನಿಂತು ಒಮ್ಮೆ ಮಾಡಿ ನೋಡಿರಿ.

ಗಾತ್ರ ದೊಡ್ಡದಾದರೆ ಸಣ್ಣವರು ಎಲ್ಲಿ?

ದೀರ್ಘಾವಧಿ ಗುತ್ತಿಗೆಯ ಬಗ್ಗೆ ನಮ್ಮ ಸದಸ್ಯರ ಮುಖ್ಯ ಆತಂಕ ಇದು, ಮತ್ತು ಇದು ನಿರಾಧಾರವಲ್ಲ. ನಗರದ ಗುತ್ತಿಗೆದಾರರು ‘ಪ್ಯಾಕೇಜ್ ಟೆಂಡರು’ಗಳನ್ನು ಹಿಂದಿನಿಂದಲೂ ವಿರೋಧಿಸುತ್ತ ಬಂದಿರುವುದು ಇದೇ ಕಾರಣಕ್ಕೆ. ಹತ್ತು ವಾರ್ಡುಗಳ ಮೂರು ವರ್ಷದ ನಿರ್ವಹಣೆಯನ್ನು ಒಟ್ಟುಗೂಡಿಸಿದರೆ ಮೊತ್ತ ಹತ್ತಾರು ಕೋಟಿಯಾಗುತ್ತದೆ. ಆ ಮೊತ್ತಕ್ಕೆ ತಕ್ಕ ವಾರ್ಷಿಕ ವಹಿವಾಟಿನ ಅರ್ಹತೆ, ಹಿಂದಿನ ಕಾಮಗಾರಿಯ ಅನುಭವ, ಬ್ಯಾಂಕ್ ಖಾತರಿ ಕೇಳಲಾಗುತ್ತದೆ. ಕಾಮಾಕ್ಷಿಪಾಳ್ಯದ ಘಟಕ ಅಲ್ಲಿ ಬಾಗಿಲ ಹೊರಗೇ ನಿಲ್ಲುತ್ತದೆ.

ಮೀಸಲಾತಿಯ ಪ್ರಶ್ನೆಯೂ ಇದರೊಂದಿಗೆ ಹೆಣೆದುಕೊಂಡಿದೆ. ನಮ್ಮ ರಾಜ್ಯದಲ್ಲಿ 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ. 17.15, ಪರಿಶಿಷ್ಟ ಪಂಗಡದವರಿಗೆ ಶೇ. 6.95 ಮೀಸಲಿಡಲಾಗಿತ್ತು, 2023ರ ತಿದ್ದುಪಡಿಯಲ್ಲಿ ಈ ಮಿತಿಯನ್ನು 1 ಕೋಟಿಗೆ ಏರಿಸಲಾಯಿತು. ಸಣ್ಣ ಕಾಮಗಾರಿಗಳನ್ನು ಒಂದು ದೊಡ್ಡ ಕಟ್ಟಾಗಿ ಕಟ್ಟಿದೊಡನೆ ಮೊತ್ತವು ಮಿತಿಯನ್ನು ದಾಟುತ್ತದೆ, ಮೀಸಲಾತಿ ಕಾಗದದ ಮೇಲೆ ಉಳಿಯುತ್ತದೆ. ಮಿತಿಯನ್ನು ಗುತ್ತಿಗೆಯ ಒಟ್ಟು ಮೊತ್ತಕ್ಕೆ ಅನ್ವಯಿಸಬೇಕೋ, ಒಂದೊಂದು ಕಾರ್ಯಾದೇಶಕ್ಕೋ ಎಂಬುದನ್ನು ಟೆಂಡರಿಗೆ ಮುನ್ನವೇ ಸ್ಪಷ್ಟಪಡಿಸದಿದ್ದರೆ ಮುಂದೆ ನ್ಯಾಯಾಲಯವೇ ಸ್ಪಷ್ಟಪಡಿಸಬೇಕಾದೀತು.

ಇದಕ್ಕೆ ಪರಿಹಾರ ಪದ್ಧತಿಯನ್ನು ಕೈಬಿಡುವುದಲ್ಲ, ಅದನ್ನು ಸಣ್ಣದಾಗಿ ಕತ್ತರಿಸುವುದು. ರೈಲ್ವೆಯ ಝೋನ್ ಗುತ್ತಿಗೆ ಉಳಿದುಬಂದಿರುವುದು ಅದು ವಾರ್ಷಿಕವಾಗಿರುವುದರಿಂದ, ಪ್ರದೇಶ ಚಿಕ್ಕದಾಗಿರುವುದರಿಂದ. ಎರಡನೆಯ ದಾರಿ, ಒಂದೇ ಪ್ರದೇಶಕ್ಕೆ ಮೂರು ಅಥವಾ ನಾಲ್ಕು ಗುತ್ತಿಗೆದಾರರನ್ನು ಒಟ್ಟಿಗೆ ಆಯ್ದು, ಆದೇಶ ಬಂದಾಗ ಅವರಲ್ಲೇ ಅವಕಾಶ ಹಂಚುವುದು. ಅಮೆರಿಕದಲ್ಲಿ 1994ರ ಕಾನೂನಿನ ನಂತರ ಹೀಗೆ ಹಲವರಿಗೆ ಗುತ್ತಿಗೆ ನೀಡುವುದಕ್ಕೇ ಆದ್ಯತೆ. ಪ್ರತಿ ಆದೇಶಕ್ಕೂ ಎಲ್ಲರಿಗೂ ನ್ಯಾಯಯುತ ಅವಕಾಶ ನೀಡಬೇಕೆಂಬ ನಿಯಮವಿದೆ. ಒಬ್ಬನೇ ಗುತ್ತಿಗೆದಾರನಿದ್ದರೆ ಅವನು ಕೈಕೊಟ್ಟ ದಿನ ಇಡೀ ವಾರ್ಡಿನ ಚರಂಡಿ ಕಟ್ಟಿಕೊಳ್ಳುತ್ತದೆ ಎಂಬುದನ್ನು ಇಲಾಖೆಗೂ ಮನವರಿಕೆ ಮಾಡಿಕೊಡಬಹುದು. ಆದರೆ ಹಂಚಿಕೆಯ ಸೂತ್ರ ಬರಹದಲ್ಲಿರಬೇಕು: ಸರದಿಯೋ, ಆದೇಶದ ಮಟ್ಟದ ಕಿರು ಸ್ಪರ್ಧೆಯೋ. ಸೂತ್ರವಿಲ್ಲದ ಪಟ್ಟಿಯಲ್ಲಿ ಹೆಸರಿದ್ದೂ ಒಂದೂ ಆದೇಶ ಬಾರದೆ ವರ್ಷ ಕಳೆಯಬಹುದು. ಬೇಡದವನನ್ನು ದೂರವಿಡಲು ಅಧಿಕಾರಿಗೆ ಅದಕ್ಕಿಂತ ಸುಲಭದ ಉಪಾಯವಿಲ್ಲ.

ಗ್ರಾಮೀಣ ರಸ್ತೆಗಳಲ್ಲಿ 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಇನ್ನೊಂದು ಮಾದರಿ ಅನುಸರಿಸಿತು. ರಸ್ತೆ ನಿರ್ಮಿಸಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಿಸಬೇಕು, ನಿರ್ವಹಣೆಯ ದರವನ್ನೂ ಟೆಂಡರಿನಲ್ಲೇ ನಮೂದಿಸಬೇಕು. ತನ್ನ ಕಳಪೆಯ ಬೆಲೆಯನ್ನು ತಾನೇ ತೆರಬೇಕಾಗುವುದರಿಂದ ಗುಣಮಟ್ಟಕ್ಕೆ ಇದು ಒಳ್ಳೆಯದು. ನಗರದ ಅಡ್ಡರಸ್ತೆಗೆ ಇದು ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಜಲಮಂಡಳಿ, ಬೆಸ್ಕಾಂ, ಅನಿಲ ಕೊಳವೆ, ಕೇಬಲ್ ಕಂಪನಿ ಎಲ್ಲರೂ ಅದೇ ರಸ್ತೆಯನ್ನು ಅಗೆಯುವಾಗ, ಕುಸಿತಕ್ಕೆ ಹೊಣೆ ಯಾರೆಂಬ ಜಗಳವೇ ಐದು ವರ್ಷ ನಡೆಯುತ್ತದೆ. ನಮ್ಮ ನಗರಕ್ಕೆ ಕಾರ್ಯಾದೇಶದ ಮೇಲೆ ನಡೆಯುವ ದರ ಗುತ್ತಿಗೆಯೇ ಹೆಚ್ಚು ಯುಕ್ತವೆಂದು ತೋರುತ್ತದೆ.

ಟೆಂಡರು ಪ್ರಕಟವಾದಾಗ

ರಾಜ್ಯದ ಸಾರ್ವಜನಿಕ ಸಂಗ್ರಹಣಾ ಜಾಲತಾಣದಲ್ಲಿ ಇಂತಹ ಗುತ್ತಿಗೆಯ ಪ್ರಕಟಣೆ ಕಂಡ ಕೂಡಲೇ ದರದ ಕಡೆಗೆ ಓಡದೆ ಷರತ್ತುಗಳ ಭಾಗವನ್ನು ಮೊದಲು ಓದಬೇಕು. ಸ್ಪಷ್ಟೀಕರಣ ಕೇಳಲು ದಾಖಲೆಯಲ್ಲೇ ಒಂದು ಕೊನೆಯ ದಿನಾಂಕವಿರುತ್ತದೆ. ಅದರೊಳಗೆ ಲಿಖಿತವಾಗಿ ಕೇಳಿದ ಪ್ರಶ್ನೆಗೆ ನೀಡಿದ ಉತ್ತರ ಎಲ್ಲ ಸ್ಪರ್ಧಿಗಳಿಗೂ ತಲುಪುತ್ತದೆ, ಕರಾರಿನ ಭಾಗವಾಗುತ್ತದೆ. ಬಾಯಿಮಾತಿನ ಭರವಸೆಗೆ ಆ ಬೆಲೆಯಿಲ್ಲ. ಕನಿಷ್ಠ ಖಾತ್ರಿ ಮೊತ್ತ ಎಷ್ಟು, ಅದನ್ನು ತಲುಪದಿದ್ದರೆ ಪರಿಹಾರವೇನು, ಒಂದು ಆದೇಶದ ಕನಿಷ್ಠ ಗಾತ್ರ ಎಷ್ಟು, ಯಾವ ವರ್ಷದ ದರಪಟ್ಟಿ, ತೆರಿಗೆ ಬದಲಾದರೆ ಯಾರ ಹೊರೆ, ಆದೇಶ ಪೂರ್ಣಗೊಂಡ ಎಷ್ಟು ದಿನದೊಳಗೆ ಅಳತೆ ಪುಸ್ತಕದಲ್ಲಿ ದಾಖಲಿಸಬೇಕು, ಭದ್ರತಾ ಠೇವಣಿಯನ್ನು ಗುತ್ತಿಗೆಯ ಕೊನೆಯಲ್ಲಿ ಒಟ್ಟಿಗೆ ಬಿಡುಗಡೆ ಮಾಡುವರೋ ಅಥವಾ ಒಂದೊಂದು ಆದೇಶದ ನ್ಯೂನತಾ ಹೊಣೆ ಅವಧಿ ಮುಗಿದಂತೆ ಬಿಡುವರೋ, ಇವು ಕೇಳಲೇಬೇಕಾದ ಪ್ರಶ್ನೆಗಳು. ಕೊನೆಯದನ್ನು ಯಾರೂ ಕೇಳುವುದಿಲ್ಲ. ಮೂರು ವರ್ಷದ ಗುತ್ತಿಗೆಯ ಕೊನೆಯ ತಿಂಗಳ ಆದೇಶಕ್ಕೆ ಎರಡು ವರ್ಷದ ಹೊಣೆ ಅವಧಿ ಇದ್ದರೆ, ಮೊದಲ ತಿಂಗಳ ಕೆಲಸದ ಠೇವಣಿಯೂ ಐದು ವರ್ಷ ಸಿಕ್ಕಿಹಾಕಿಕೊಳ್ಳುತ್ತದೆ.

ಒಬ್ಬೊಬ್ಬರೇ ಕೇಳಿದರೆ ಮುಂದಿನ ಟೆಂಡರಿನಲ್ಲಿ ಹೆಸರು ಕೆಡುವುದೆಂಬ ಅಂಜಿಕೆ ಇರುವವರು ತಮ್ಮ ಪ್ರಶ್ನೆಗಳನ್ನು ಸಂಸ್ಥೆಯ ಕಚೇರಿಗೆ ಕಳುಹಿಸಬಹುದು. ಸಂಸ್ಥೆಯ ಹೆಸರಿನಲ್ಲಿಯೇ ಪತ್ರ ಬರೆಯಲು ಯಾವ ಅಡ್ಡಿಯೂ ಇಲ್ಲ. ಟೆಂಡರು ಅಂಗೀಕರಿಸುವ ಪ್ರಾಧಿಕಾರದ ಆದೇಶದಿಂದ ಬಾಧಿತರಾದ ಟೆಂಡರುದಾರರು ಅಧಿನಿಯಮದ 16ನೇ ಪ್ರಕರಣದಂತೆ, ಆದೇಶ ತಲುಪಿದ 30 ದಿನದೊಳಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಆದೇಶದ ಪ್ರತಿ ಕೈಸೇರಿದ ದಿನಾಂಕವನ್ನು ಲಕೋಟೆಯ ಸಮೇತ, ಅಥವಾ ಜಾಲತಾಣದ ಮುದ್ರಿತ ಪುಟದ ಸಮೇತ ಕಡತದಲ್ಲಿ ಇಟ್ಟುಕೊಂಡಿರಬೇಕು.